ನನ್ನ ಕೈ ತಪ್ಪಿಸಿ ಹೋದ ಪುಸ್ತಕ

ನಾಸಿಕ
ಜನವರಿ 9, 2014

ಲತಾ,

ಆಶೀರ್ವಾದ ಇದೆ, ಅದರ ಜೊತೆಗೆ ಸಿಟ್ಟೂ ಇದೆ. ಮೊದಲನೆಯದನ್ನು ಒಂದು ಸಾಲಿನಲ್ಲಿ ಮುಗಿಸಿದ್ದೇನೆ. ಉಳಿದದ್ದೆಲ್ಲ ಎರಡನೆಯದು.

ಮೊನ್ನೆ ನಾನು ಕೇಳಿದ್ದಕ್ಕೆ ಉತ್ತರ ಕೊಡದೆ ನೀನು ನಡುಮಾತಿನಲ್ಲೇ ಫೋನು ಇಟ್ಟೆ. "ಕುಕ್ಕರ್ ಸೀಟಿ ಹೊಡೀಲಿಕತ್ತದ್ರಿ ಅತ್ತಿ" ಎಂದೆ. ನನಗೆ ಯಾವ ಸೀಟಿಯೂ ಕೇಳಲಿಲ್ಲ. ಇನ್ನು ಈ ವಿಷಯದಲ್ಲಿ ನಾನು ಫೋನಿನಲ್ಲಿ ಮಾತನಾಡುವುದಿಲ್ಲ. ಕಾಗದದಲ್ಲಿ ಕೇಳುತ್ತೇನೆ, ಕಾಗದದಲ್ಲೇ ಉತ್ತರ ಬರೆ.

ನನ್ನ ಒಡಪಿನ ಪುಸ್ತಕ ನನ್ನ ಮನೆಗೆ ಬಾರದೆ ಪುಣೆಯ ಪ್ರೆಸ್ಸಿನಿಂದ ನೇರವಾಗಿ ಕೊಂಡವರ ಮನೆಗೆ ಏಕೆ ಹೋಗುತ್ತಿದೆ?

ನಿನಗೆ ಗೊತ್ತಿರುವುದನ್ನೇ ಮತ್ತೆ ಹೇಳುತ್ತೇನೆ, ಏಕೆಂದರೆ ಮರೆತಂತೆ ಕಾಣುತ್ತಿದೆ. ಮದುಮಗಳು ಗಂಡನ ಮನೆಯ ಹೊಸ್ತಿಲು ದಾಟುವ ಮುನ್ನ ಅತ್ತೆ ಅಡ್ಡ ನಿಂತು ಗಂಡನ ಹೆಸರು ಕೇಳುತ್ತಾಳೆ. ಬರಿಯ ಹೆಸರು ಹೇಳಿದರೆ ನಡೆಯುವುದಿಲ್ಲ. ಪ್ರಾಸ ಕಟ್ಟಿ, ಎರಡು ಸಾಲಿನ ಒಡಪಿನಲ್ಲಿ ಹೆಸರು ಕೂರಿಸಿ ಹೇಳಬೇಕು. ಭಾಲ್ಕಿಯಲ್ಲಿ ನಮ್ಮ ಕಾಲದ ಹುಡುಗಿಯರಿಗೆ ಅದು ನಾಲಿಗೆಯ ಮೇಲೆಯೇ ಇರುತ್ತಿತ್ತು. ಇಲ್ಲಿ ನಾಸಿಕದಲ್ಲಿ, ಓಝರಿನಲ್ಲಿ, ನಿಮ್ಮ ಔರಂಗಾಬಾದಿನಲ್ಲಿ ಬೆಳೆದ ನಮ್ಮವರ ಹುಡುಗಿಯರಿಗೆ ಕನ್ನಡ ತಿಳಿಯುತ್ತದೆ, ಆಡಲು ಹೋದರೆ ತಡವರಿಸುತ್ತಾರೆ. ಅಂಥವರ ಮಗ್ಗುಲಲ್ಲಿ ನಿಂತು ಕಿವಿಯಲ್ಲಿ ಹೇಳಿಕೊಡುತ್ತಿದ್ದವಳು ನಾನು. ಸಾತಪುರದ ಕಾರ್ಖಾನೆಯವರ ಮನೆಗಳಲ್ಲಿ ಯಾವ ಸೊಸೆಯೂ ನಾನಿಲ್ಲದೆ ಒಳಗೆ ಕಾಲಿಟ್ಟಿಲ್ಲ.

ನಿನ್ನ ಮಾವನವರು ತೀರಿಕೊಂಡ ಮೇಲೆ ಅದು ನಿಂತಿತು. ಲಗ್ನಪತ್ರಿಕೆ ಬರುತ್ತದೆ, ಊಟಕ್ಕೆ ಕರೆಯುತ್ತಾರೆ. ಹೊಸ್ತಿಲಿನ ಹತ್ತಿರ ಮಾತ್ರ ಕರೆಯುವುದಿಲ್ಲ. ನಾನೂ ಕೇಳಿಲ್ಲ.

ಆಗ ನೀನೇ ಅಲ್ಲವೇ ಬಂದು, "ಬಾಯಿಲೆ ಹೇಳೋದು ಬ್ಯಾಡ ಅಂದ್ರ ಬುಕ್ ಮಾಡೂಣ್ರಿ" ಎಂದದ್ದು? ಒಂದೊಂದೇ ಪ್ರತಿ ಛಾಪಿಸುವ ಪ್ರೆಸ್ಸನ್ನು ನೀನೇ ಹುಡುಕಿದೆ. ಗಂಡಿನ ಹೆಸರು ತಿಳಿಸಿದರೆ ಆ ಹೆಸರಿಗೆ ನಾನು ಒಡಪು ಕಟ್ಟುವುದು, ನೀನು ಅದನ್ನು ಕಂಪ್ಯೂಟರಿನಲ್ಲಿ ಸೇರಿಸುವುದು, ಅವರು ಆ ಹುಡುಗಿಗೆಂದೇ ಒಂದು ಪ್ರತಿ ಛಾಪಿಸುವುದು. ಹೊರಗಿನ ರಟ್ಟು ಎಲ್ಲರದೂ ಒಂದೇ, ಒಳಗೆ ಮಾತ್ರ ಒಬ್ಬೊಬ್ಬಳಿಗೆ ಒಬ್ಬೊಬ್ಬನ ಹೆಸರು. ಇದು ನಿನ್ನ ಬುದ್ಧಿ. ಒಳ್ಳೆಯ ಬುದ್ಧಿ ಎಂದು ಆಗಲೇ ಒಪ್ಪಿದ್ದೇನೆ.

ಡಿಸೆಂಬರಿನವರೆಗೆ ಪುಸ್ತಕ ಮೊದಲು ನನ್ನ ಮನೆಗೆ ಬರುತ್ತಿತ್ತು. ಪುಟ ಪುಟ ಓದಿ, ಖಾಕಿ ಕಾಗದದಲ್ಲಿ ಸುತ್ತಿ, ನನ್ನ ಕೈಯಾರೆ ವಿಳಾಸ ಬರೆದು ಅಂಚೆಗೆ ಹಾಕುತ್ತಿದ್ದೆ. ಈಗ ಪ್ರೆಸ್ಸಿನವರೇ ಪ್ಲಾಸ್ಟಿಕ್ ಚೀಲದಲ್ಲಿ ತುರುಕಿ ಕೊರಿಯರಿಗೆ ಕೊಡುತ್ತಾರಂತೆ. ಚೀಲದ ಮೇಲೆ ನನ್ನ ಹೆಸರಿಲ್ಲ, ನನ್ನ ಊರಿಲ್ಲ. ತವರಿನವರಿಗೆ ಹೇಳದೆ ಹೆಣ್ಣನ್ನು ಹಿತ್ತಲಿನಿಂದ ಸಾಗಿಸಿದ ಹಾಗಾಯಿತು.

ಉತ್ತರ ಬೇಕು. ನೆಪ ಬೇಡ.

ನಿನ್ನ ಅತ್ತೆ
ಕಾಶಿಬಾಯಿ


ವಾಳೂಜ್, ಔರಂಗಾಬಾದ
ಜನವರಿ 18, 2014

ಅತ್ತೆಯವರಿಗೆ ಲತಾಳ ನಮಸ್ಕಾರ.

ಕುಕ್ಕರ್ ನಿಜವಾಗಿಯೂ ಸೀಟಿ ಹೊಡೆದಿತ್ತು. ಬೇಕಾದರೆ ನಿಮ್ಮ ಮಗನನ್ನು ಕೇಳಿ, ಆ ದಿನ ಬೇಳೆ ತಳ ಹತ್ತಿತ್ತು ಎಂದು ಇವತ್ತಿಗೂ ಹೇಳುತ್ತಾರೆ.

ನೇರವಾಗಿ ಕಳಿಸುವುದಕ್ಕೆ ಕಾರಣ ಸಮಯ. ಪುಣೆಯಿಂದ ನಾಸಿಕಕ್ಕೆ ಒಂದು ಪ್ರಯಾಣ, ನಾಸಿಕದಿಂದ ಗಿರಾಕಿಗೆ ಮತ್ತೊಂದು. ನಡುವೆ ನೀವು ಓದುವುದಕ್ಕೆ ಎರಡು ಮೂರು ದಿನ. ಡಿಸೆಂಬರಿನಲ್ಲಿ ಓಝರಿನವರ ಪುಸ್ತಕ ಮುಟ್ಟುವ ಹೊತ್ತಿಗೆ ಹುಡುಗಿ ಗಂಡನ ಮನೆಯಲ್ಲಿ ಎರಡು ಸಲ ಜೋಳದ ರೊಟ್ಟಿ ಬಡಿದು ಆಗಿತ್ತು. ಅವರು ಫೋನಿನಲ್ಲಿ ನನಗೆ ಏನೆಂದರು ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಪುಸ್ತಕ ಒಂದೊಂದಾಗಿ ಛಾಪಿಸಿ ಮಾರುವವರೆಲ್ಲ ಈಗ ಹೀಗೆಯೇ ಕಳಿಸುತ್ತಾರೆ. ಲೇಖಕರು ಮನೆಯಲ್ಲಿ ಆರಾಮವಾಗಿ ಕೂತಿರುತ್ತಾರೆ.

ಬೇರೆ ಕಾರಣ ಇಲ್ಲ. ನೀವು ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ನಿಮ್ಮ ಸೊಸೆ
ಲತಾ


ನಾಸಿಕ
ಜನವರಿ 27, 2014

ಲತಾ,

ನಿನ್ನ ಕಾಗದ ಓದಿದೆ. ಆರಾಮವಾಗಿ ಕೂರುವ ಅಭ್ಯಾಸ ನನಗಿಲ್ಲ, ಅದು ನಿನಗೂ ಗೊತ್ತು.

ಸಮಯದ ಮಾತು ಒಪ್ಪುತ್ತೇನೆ. ಆದರೆ ಒಂದು ಹೇಳು. ಆ ಪ್ರೆಸ್ಸಿನಲ್ಲಿ ಕನ್ನಡ ಅಕ್ಷರ ಓದಬಲ್ಲವರು ಒಬ್ಬರಾದರೂ ಇದ್ದಾರೆಯೇ? ರಟ್ಟು ಒಂದೇ, ಹೆಸರು ಒಳಗಿರುತ್ತದೆ. ಯಾವ ಪುಸ್ತಕ ಯಾವ ಹುಡುಗಿಯದು ಎಂದು ಅವರಿಗೆ ಹೇಗೆ ತಿಳಿಯಬೇಕು? ನೀನು ವಾಳೂಜಿನಲ್ಲಿ ಕಂಪ್ಯೂಟರಿನ ಮುಂದೆ ಕೂತು ಓದುತ್ತೀ. ಆ ಮೇಲೆ ಮದುಮಗಳು ಹೊಸ್ತಿಲಲ್ಲಿ ನಿಂತು ಓದುತ್ತಾಳೆ. ನಡುವೆ ಅದನ್ನು ಓದಬಲ್ಲ ಒಂದು ಕಣ್ಣೂ ಇಲ್ಲ. ನನಗೆ ಇದು ಸರಿ ಕಾಣುವುದಿಲ್ಲ.

ಕಾಶಿಬಾಯಿ


ವಾಳೂಜ್
ಫೆಬ್ರವರಿ 3, 2014

ಅತ್ತೆಯವರಿಗೆ,

ಪ್ರೆಸ್ಸಿನಲ್ಲಿ ಕನ್ನಡ ಬರುವವರು ಇಲ್ಲ. ಆದರೆ ಪ್ರತಿ ಪುಸ್ತಕಕ್ಕೂ ನಂಬರಿನ ಚೀಟಿ ಅಂಟಿಸುತ್ತಾರೆ, ಆ ನಂಬರು ನೋಡಿ ಚೀಲಕ್ಕೆ ಹಾಕುತ್ತಾರೆ. ಇದುವರೆಗೆ ತಪ್ಪಿಲ್ಲ.

ಈ ಸಲ ಎರಡು ಆರ್ಡರು ಒಟ್ಟಿಗೆ ಬಂದಿವೆ. ಒಂದು ನಿಮ್ಮ ಸಾತಪುರದ ಮಲಕವ್ವನವರದು, ಮೊಮ್ಮಗಳ ಮದುವೆಗೆ. ಗಂಡಿನ ಹೆಸರು ಸುಧಾಕರ. ಇನ್ನೊಂದು ಇಲ್ಲಿ ಸಿಡ್ಕೊದಲ್ಲಿರುವ ಪ್ರೇಮಾಬಾಯಿಯವರದು, ಮಗಳು ಹಂಸಾಗೆ. ಗಂಡಿನ ಹೆಸರು ಶಶಾಂಕ, ವಾಳೂಜಿನ ಕಾರ್ಖಾನೆಯಲ್ಲೇ ಕೆಲಸ. ಹುಡುಗಿ ಬಹಳ ಒಳ್ಳೆಯವಳು, ಕನ್ನಡ ಅಕ್ಷರ ಕೂಡಿಸಿ ಕೂಡಿಸಿ ಓದುತ್ತಾಳೆ. ಇಬ್ಬರಿಗೂ ಒಡಪು ಕಟ್ಟಿ ಬೇಗ ಕಳಿಸಿ.

ಲತಾ


ನಾಸಿಕ
ಫೆಬ್ರವರಿ 8, 2014

ಲತಾ,

ಇದರ ಜೊತೆಗೆ ಇಬ್ಬರ ಒಡಪುಗಳನ್ನೂ ಬೇರೆ ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ಸುಧಾಕರನ ಹುಡುಗಿಗೆ ಮೊದಲ ಪುಟದಲ್ಲಿ ಇದು:

ಹೊಸ್ತಿಲ ಮ್ಯಾಲ ಇಟ್ಟೀರಿ ತುಂಬಿದ ಅಕ್ಕಿ ಸೇರ,
ಒಳಗ ಬಿಡ್ರಿ, ಹೇಳತೀನಿ, ನನ್ನವರು ಸುಧಾಕರ.

ಶಶಾಂಕನ ಹುಡುಗಿಗೆ ಇದು:

ಮ್ಯಾಲಿನ ಚಂದ್ರಗ ಹತ್ತೇದ ಕಳಂಕ,
ಕಳಂಕ ಇಲ್ಲದ ಚಂದ್ರ ನಮ್ಮ ಶಶಾಂಕ.

ಎರಡನೆಯದು ನನಗೇ ಹಿಡಿಸಿದೆ. ಹೊಗಳುವವರು ಯಾರೂ ಮನೆಯಲ್ಲಿಲ್ಲವಾದ್ದರಿಂದ ನಾನೇ ಹೇಳಿಕೊಂಡೆ.

ಪ್ರೇಮಾಬಾಯಿ ಎಂದರೆ ಬಸವಕಲ್ಯಾಣದ ಕಡೆಯವರೇ? ಮುಖ ನೋಡಿಲ್ಲ. ಪುಸ್ತಕ ಮುಟ್ಟಿದ ಮೇಲೆ ಹೇಗಿದೆ ಎಂದು ಒಂದು ಮಾತು ತಿಳಿಸಲು ಹೇಳು.

ಕಾಶಿಬಾಯಿ


ನಾಸಿಕ
ಮಾರ್ಚ್ 4, 2014

ಲತಾ,

ಇಂದು ಬೆಳಿಗ್ಗೆ ಮಲಕವ್ವ ಸೆರಗಿನಲ್ಲಿ ಪುಸ್ತಕ ಮುಚ್ಚಿಕೊಂಡು ಬಂದರು. ನಿನ್ನೆ ಸಂಜೆ ಪುಣೆಯಿಂದ ಮುಟ್ಟಿದೆ. ಮದುವೆಗೆ ಇನ್ನೂ ವಾರವಿದೆ. ಮಲಕವ್ವ ಸಾಲೆಗೆ ಹೋದದ್ದು ಕಡಿಮೆ, ಆದರೆ ಕೈಗೆ ಸಿಕ್ಕ ಕನ್ನಡ ಅಕ್ಷರವನ್ನು ಓದದೆ ಬಿಡುವವರಲ್ಲ.

"ಕಾಶಿಬಾಯಿ, ನಮ್ಮ ಹುಡುಗಿನ್ನ ಯಾರಿಗಿ ಕೊಟ್ಟೀರಿ?" ಎಂದು ಬಾಗಿಲಲ್ಲೇ ಕೇಳಿದರು.

"ಯಾಕ್ರಿ?"

"ನಾವು ಸುಧಾಕರಗ ಕೊಟ್ಟೀವಿ. ನಿಮ್ಮ ಬುಕ್ಕಿನ್ಯಾಗ ಶಶಾಂಕಗ ಕೊಟ್ಟದ. ಹುಡುಗ ಛಲೋ ಇದ್ರ ಹೇಳ್ರಿ, ವಿಚಾರ ಮಾಡೂಣ."

ಅವರು ನಗುತ್ತಿದ್ದರು. ನನಗೆ ನಗು ಬರಲಿಲ್ಲ. ಪುಟ ತಿರುಗಿಸಿದೆ. ಮೊದಲಿನಿಂದ ಕೊನೆಯವರೆಗೆ ಶಶಾಂಕ. ಚಂದ್ರ, ಕಳಂಕ, ಎಲ್ಲ ಇದೆ.

ಸುಧಾಕರನ ಪುಸ್ತಕ ಎಲ್ಲಿ ಹೋಯಿತು ಎಂದು ನನಗೆ ಬಿಡಿಸಿ ಹೇಳಬೇಕಾಗಿಲ್ಲ. ಹಂಸಾಳ ಮದುವೆ ಯಾವಾಗ? ಈ ಕಾಗದ ಅಂಚೆಗೆ ಹಾಕಿ ಈಗಲೇ ನಿನಗೆ ಫೋನು ಮಾಡುತ್ತೇನೆ. ಮಾತನಾಡುವುದಿಲ್ಲ ಎಂದಿದ್ದೆ, ಇದು ನನ್ನ ನಿನ್ನ ಮಾತಲ್ಲ, ಆ ಹುಡುಗಿಯದು.

ಕಾಶಿಬಾಯಿ


ವಾಳೂಜ್
ಮಾರ್ಚ್ 8, 2014

ಅತ್ತೆಯವರಿಗೆ,

ನೀವು ಫೋನು ಮಾಡಿದಾಗ ನಾನು ಅಳುತ್ತಿದ್ದುದರಿಂದ ಏನೂ ಹೇಳಲಾಗಲಿಲ್ಲ. ಈಗ ಬರೆಯುತ್ತೇನೆ. ಮದುವೆ ಅದರ ಹಿಂದಿನ ದಿನವೇ ಆಗಿಹೋಗಿತ್ತು. ಪ್ರೇಮಾಬಾಯಿ ನನ್ನನ್ನೂ ಕರೆದಿದ್ದರು. ಮದುವೆ ಮುಗಿದು ಹುಡುಗಿಯನ್ನು ಗಾರಖೇಡಾದ ಗಂಡಿನ ಮನೆಗೆ ಕರೆದುಕೊಂಡು ಹೋದಾಗ ನಾನೂ ಹಿಂದೆ ಹೋದೆ. ನಿಮ್ಮ ಒಡಪು ಕೇಳುವ ಆಸೆಯಿತ್ತು.

ಗಂಡಿನ ತಾಯಿ ರುಕ್ಮಿಣಿಬಾಯಿ ಹೊಸ್ತಿಲ ಮೇಲೆ ಅಕ್ಕಿಯ ಸೇರು ಇಟ್ಟು, "ಹೆಸರು ಹೇಳಲಾರ್ದೆ ಒಳಗ ಬಿಡಾಂಗಿಲ್ಲ ನೋಡು" ಎಂದು ನಗುತ್ತ ನಿಂತರು. ಪ್ರೇಮಾಬಾಯಿ ಪುಸ್ತಕ ತೆಗೆದರು. ಚೀಲವನ್ನು ಅಲ್ಲಿಯೇ, ಎಲ್ಲರೆದುರಿಗೇ ಹರಿದರು. ಅದುವರೆಗೆ ಯಾರ ಕೈಯೂ ತಾಗಬಾರದೆಂದು ಹಾಗೆಯೇ ಇಟ್ಟಿದ್ದರಂತೆ. ಹಂಸಾ ಬೆರಳಿಟ್ಟು ಓದಿದಳು. ಗಾಬರಿಯಲ್ಲಿದ್ದಳು, ಒಂದೊಂದೇ ಅಕ್ಷರ. ಹೊಸ್ತಿಲ ಮ್ಯಾಲ, ಇಟ್ಟೀರಿ, ತುಂಬಿದ. ಎಲ್ಲರೂ ಭೇಷ್ ಭೇಷ್ ಎನ್ನುತ್ತಿದ್ದರು. ಅದೇ ಓಟದಲ್ಲಿ ಕೊನೆಯ ಹೆಸರೂ ಬಾಯಿಂದ ಬಂದುಬಿಟ್ಟಿತು. ಸು. ಧಾ. ಕ. ರ.

ಯಾರೋ ಹಿಂದಿನಿಂದ "ಹಾ ಕೋಣ ಸುಧಾಕರ?" ಎಂದು, ಈ ಸುಧಾಕರ ಯಾರು ಎಂದು ಮರಾಠಿಯಲ್ಲಿ ಕೇಳಿ ನಕ್ಕರು. ರುಕ್ಮಿಣಿಬಾಯಿ ನಗಲಿಲ್ಲ.

ಶಶಾಂಕ ಪುಸ್ತಕ ಕಸಿದು ನೋಡಿ, "ಆಯಿ, ಪ್ರಿಂಟಿಂಗ್ ಮಿಸ್ಟೇಕ್ ಅದ, ಬಿಡು" ಎಂದ.

"ಪ್ರಿಂಟಿಂಗ್ ಮಿಸ್ಟೇಕ್ ಅಂದ್ರ ಒಂದು ಅಕ್ಷರ ಹೋಗತದ. ಇಡೀ ಗಂಡಸೇ ಬದಲಾಗತಾನೇನು?" ಎಂದರು ಅವರು.

ಆ ದಿನ ಜನರೆದುರು ಒಳಗೆ ಬಿಟ್ಟುಕೊಂಡರು. ಮರುದಿನ ಬೆಳಿಗ್ಗೆ, ಸುಧಾಕರ ಯಾರು ಎಂದು ತಿಳಿಯುವತನಕ ತಾಯಿಯ ಮನೆಯಲ್ಲೇ ಇರಲಿ ಎಂದು ಕಳಿಸಿಬಿಟ್ಟರು. ಹಂಸಾ ಈಗ ಸಿಡ್ಕೊದಲ್ಲಿದ್ದಾಳೆ. ನಾನು ಹೋಗಿ ಎಷ್ಟು ಹೇಳಿದರೂ ರುಕ್ಮಿಣಿಬಾಯಿ ಕಿವಿಗೆ ಹಾಕಿಕೊಳ್ಳಲಿಲ್ಲ.

ಪ್ರೆಸ್ಸಿನವರಿಗೆ ಬರೆದಿದ್ದೆ. ಚೀಟಿ ಅಂಟಿಸುವಾಗ ಅದಲು ಬದಲಾಗಿದೆ, ವಿಷಾದಿಸುತ್ತೇವೆ, ಪುಸ್ತಕ ವಾಪಸು ಕಳಿಸಿದರೆ ಇನ್ನೊಂದು ಪ್ರತಿ ಉಚಿತವಾಗಿ ಕೊಡುತ್ತೇವೆ ಎಂದು ಇಂಗ್ಲಿಷಿನಲ್ಲಿ ಉತ್ತರ ಬಂದಿದೆ.

ತಪ್ಪು ನನ್ನದು. ಏನು ಮಾಡಲಿ ಹೇಳಿ.

ಲತಾ


ನಾಸಿಕ
ಮಾರ್ಚ್ 13, 2014

ಲತಾ,

ಇನ್ನೊಂದು ಪ್ರತಿ ಕೊಡುತ್ತಾರಂತೆ! ಆ ಹುಡುಗಿಗೆ ಇನ್ನೊಂದು ಮದುವೆಯ ದಿನವನ್ನೂ ಚೀಲಕ್ಕೆ ಹಾಕಿ ಕಳಿಸುತ್ತಾರೆಯೇ? ಕೇಳು ಅವರನ್ನು. ಇಂಗ್ಲಿಷಿನಲ್ಲೇ ಕೇಳು.

ಆ ರುಕ್ಮಿಣಿಬಾಯಿಯ ಮೇಲೂ ನನಗೆ ಸಿಟ್ಟಿದೆ. ಒಂದು ಹೆಸರು ಕೇಳಿದ ಮಾತ್ರಕ್ಕೆ ಮನೆ ತುಂಬಿಸಿಕೊಂಡ ಸೊಸೆಯನ್ನು ಮರುದಿನವೇ ಹೊರಗೆ ಕಳಿಸುವುದೆಂದರೇನು? ಹೊಸ್ತಿಲ ಮೇಲೆ ಹೆಸರು ಕೇಳುವುದು ನಗುವುದಕ್ಕೆ ಇರುವ ಆಟ. ಹುಡುಗಿ ತಡವರಿಸಲಿ, ಎಲ್ಲರೂ ನಗಲಿ, ಅವಳ ಹೆದರಿಕೆ ಹೋಗಲಿ ಎಂದು ಹಿರಿಯರು ಮಾಡಿದ್ದು. ಅದನ್ನು ಕೋರ್ಟು ಕಟಕಟೆ ಮಾಡಿಟ್ಟಿದ್ದಾಳೆ.

ನೀನು ಹೇಳಿದರೆ ಕೇಳುವುದಿಲ್ಲ. ನಾನು ಬರುತ್ತೇನೆ. ಆ ಒಡಪು ನನ್ನದು, ಉತ್ತರ ಕೊಡಬೇಕಾದವಳೂ ನಾನೇ. ಮಲಕವ್ವನ ಮನೆಗೆ ಬಂದ ಪ್ರತಿಯನ್ನು ಕೇಳಿ ತೆಗೆದುಕೊಂಡಿದ್ದೇನೆ. ಎರಡನ್ನೂ ಆಕೆಯ ಮುಂದೆ ಇಟ್ಟು ತೋರಿಸಿದರೆ ಮುಗಿಯಿತು. ಮಂಗಳವಾರ ಬೆಳಗಿನ ಎಸ್.ಟಿ. ಬಸ್ಸಿಗೆ ಹೊರಡುತ್ತೇನೆ. ನೇರ ಗಾರಖೇಡಾಕ್ಕೆ ಹೋಗಿ, ಕೆಲಸ ಮುಗಿಸಿ, ರಾತ್ರಿ ನಿಮ್ಮ ಮನೆಗೆ ಬರುತ್ತೇನೆ. ಬದನೆಕಾಯಿ ಎಣ್ಣೆಗಾಯಿ ಮಾಡಿಡು. ಕುಕ್ಕರ್ ಇಡಬೇಡ.

ಕಾಶಿಬಾಯಿ


ನಾಸಿಕ
ಮಾರ್ಚ್ 20, 2014

ಲತಾ,

ಮಂಗಳವಾರ ನೀನು ಅಡುಗೆ ಮಾಡಿ ಕಾದಿರಬೇಕು. ನಾನು ಬರಲಿಲ್ಲ. ಸಂಜೆಯ ಬಸ್ಸಿಗೇ ನಾಸಿಕಕ್ಕೆ ವಾಪಸಾದೆ. ರವಿಕಾಂತ ಫೋನಿನ ಮೇಲೆ ಫೋನು ಮಾಡಿದ, "ಆರಾಮ ಇದ್ದೀನಿ" ಎಂದು ಇಟ್ಟೆ. ಮಗನಿಗೆ ಹೇಳುವ ಮಾತಲ್ಲ ಇದು, ನಿನಗೆ ಹೇಳುವ ಮಾತು.

ರುಕ್ಮಿಣಿಬಾಯಿ ನನಗೆ ಕುರ್ಚಿ ಹಾಕಿ, ಚಹಾ ಕೊಟ್ಟು, ಮರ್ಯಾದೆಯಿಂದಲೇ ಮಾತನಾಡಿದರು. ಪ್ರೇಮಾಬಾಯಿಯನ್ನೂ ಕರೆಸಿದರು. ಅವರ ಮನೆಗೆ ಬಂದಿದ್ದ ಪ್ರತಿಯನ್ನೂ ತರಿಸಿ, ನಾನು ಎರಡೂ ಪುಸ್ತಕ ಬಿಚ್ಚಿಟ್ಟೆ. ಇದು ನಿಮ್ಮ ಸೊಸೆಗೆ ಬರಬೇಕಾಗಿದ್ದದ್ದು, ಸಾತಪುರಕ್ಕೆ ಹೋಗಿತ್ತು, ಅದು ಇಲ್ಲಿಗೆ ಬಂತು ಎಂದು ತೋರಿಸಿದೆ. ಆಕೆ ಎರಡನ್ನೂ ತಿರುಗಿಸಿ ನೋಡಿ ನನ್ನ ಮುಂದೆ ಸರಿಸಿದರು.

"ಕಾಶಿಬಾಯಿಯವ್ರ, ನೀವು ಒಂದೊಂದೇ ಛಾಪಿಸ್ತೀರಿ ಹೌದಲ್ರಿ?"

"ಹೌದು."

"ಯಾವಾಗ ಬೇಕಾದ್ರ ಛಾಪಿಸ್ತೀರಿ, ಯಾವ ಹೆಸರು ಬೇಕಾದ್ರ ಹಾಕ್ತೀರಿ. ಹಂಗಾದ್ರ ಈ ಶಶಾಂಕನ ಬುಕ್ ನಿನ್ನೆ ಛಾಪಿಸಿ ತಂದಿಲ್ಲ ಅಂತ ನಾ ಹೆಂಗ ನಂಬಲಿ?"

ಆಕೆ ಹೇಳಿದ್ದರಲ್ಲಿ ತಪ್ಪಿಲ್ಲ. ನಾವು ಯಾವುದನ್ನು ಹೆಮ್ಮೆಯಿಂದ ಮಾಡಿದೆವೋ ಅದೇ ನಮ್ಮ ಸಾಕ್ಷಿಯನ್ನು ಕೆಡಿಸಿತು. ಆದರೂ ಮತ್ತೊಂದು ಉಪಾಯವಿತ್ತು. ಸುಧಾಕರನೂ ಅವನ ಹೆಂಡತಿಯೂ ಈಗ ಸಾತಪುರದಲ್ಲಿದ್ದಾರೆ, ಕರೆತರುತ್ತೇನೆ, ಮನುಷ್ಯರನ್ನು ನಿನ್ನೆ ಛಾಪಿಸಲು ಬರುವುದಿಲ್ಲ ಎನ್ನಬೇಕೆಂದು ಬಾಯಿ ತೆರೆಯುವಷ್ಟರಲ್ಲಿ ಪ್ರೇಮಾಬಾಯಿ ನಡುವೆ ಬಂದರು.

"ನಾ ಮೊದಲೇ ಹೇಳಿದ್ದೆ ಅಕ್ಕೋರ," ಎಂದು ರುಕ್ಮಿಣಿಬಾಯಿಗೆ ಹೇಳಿದರು, ನನಗಲ್ಲ. "ಬುಕ್ ಇವರ ಕೈಯಿಂದ ಬರಬಾರದು, ಪ್ರೆಸ್ಸಿಂದ ಸೀದಾ ಬರಲಿ ಅಂತ ಲತಾಗ ಬರೆದು ಕಳಿಸಿದ್ದೆ. ಹೊಸ್ತಿಲಿಗೆ ಬರೋ ವಸ್ತು, ಮುತ್ತೈದಿ ಅಲ್ಲದವರ ಕೈ ತಾಗೋದು ಬ್ಯಾಡ ಅಂದೆ. ಲತಾ ಬರೋಬರ್ ಕಳಿಸ್ತೀನಿ ಅಂದ್ಲು. ಆದ್ರೂ ದೋಷ ಬಂತು ನೋಡ್ರಿ, ಬರೆದವರೇ ಹಂಥವರಾದ ಮ್ಯಾಲ."

ನಾನು ಚಹಾದ ಬಟ್ಟಲು ಕೆಳಗಿಟ್ಟು ಎದ್ದೆ.

ಕೊರಳಲ್ಲಿ ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಪ್ರವಚನದಲ್ಲಿ ಕೂತು ತಲೆದೂಗುವ ಜನ ಇವರು. ಮನೆಗೆ ಬಂದ ಮೇಲೆ ತಲೆ ಬೇರೆ ಕಡೆ ದೂಗುತ್ತದೆ. ನನ್ನ ತಲೆಯೊಳಗಿನ ಮಾತು ಬೇಕು, ಪ್ರಾಸ ಬೇಕು, ಅವರ ಮಗಳ ಗಂಡನಿಗೆ ನಾನು ಹುಡುಕಿದ ಚಂದ್ರ ಬೇಕು. ಕೈ ಮಾತ್ರ ಬೇಡ. ಇದೇ ಕೈ ಪೆನ್ನು ಹಿಡಿದು ಬರೆದದ್ದು ತಾನೇ ಅದನ್ನು? ಪುಣೆಯ ಯಂತ್ರದೊಳಗೆ ಹೋಗಿ ಬಂದರೆ ನನ್ನ ಕೈಯ ದೋಷ ತೊಳೆದುಹೋಗುತ್ತದೆಯೇ?

ಆದರೆ ಅವರು ಪರರು. ನೀನು? "ಬೇರೆ ಕಾರಣ ಇಲ್ಲ" ಎಂದು ಬರೆದವಳು ನೀನು. ಸಮಯದ ಲೆಕ್ಕ ಹೇಳಿದವಳು, ಓಝರಿನವರ ರೊಟ್ಟಿಯ ಕತೆ ಹೇಳಿದವಳು ನೀನು. ಅವರು ಕೇಳಿದ ಹಾಗೆ ನೀನು ನಡೆದುಕೊಂಡೆ ಎಂದರೆ ಅವರು ಹೇಳಿದ್ದನ್ನು ಒಪ್ಪಿದಂತೆ.

ನನ್ನ ಕೈ ದಾಟಿ ಬಂದಿದ್ದರೆ ಆ ಪುಸ್ತಕ ಹೊಸ್ತಿಲವರೆಗೆ ಹೋಗುತ್ತಲೇ ಇರಲಿಲ್ಲ. ಮೊದಲ ಪುಟದಲ್ಲೇ ಹಿಡಿಯುತ್ತಿದ್ದೆ. ನನ್ನ ಕೈ ತಾಗಬಾರದು ಎಂದದ್ದಕ್ಕೇ ಆ ಹುಡುಗಿ ಇಂದು ತಾಯಿಯ ಮನೆಯಲ್ಲಿ ಕೂತಿದ್ದಾಳೆ. ಇದನ್ನು ಪ್ರೇಮಾಬಾಯಿಗೆ ಅಲ್ಲಿಯೇ ಹೇಳಬೇಕಿತ್ತು. ಹೇಳಲಿಲ್ಲ. ಹೊರಗೆ ಬಂದು ರಿಕ್ಷಾದಲ್ಲಿ ಕೂತ ಮೇಲೆ ನೆನಪಾಯಿತು.

ಇದಕ್ಕೆ ಉತ್ತರ ಬರೆಯಬೇಡ.

ಕಾಶಿಬಾಯಿ


ವಾಳೂಜ್
ಏಪ್ರಿಲ್ 2, 2014

ಅತ್ತೆಯವರಿಗೆ,

ಬರೆಯಬೇಡ ಎಂದಿರಿ. ಬರೆಯುತ್ತಿದ್ದೇನೆ.

ಪ್ರೇಮಾಬಾಯಿ ಒಬ್ಬರೇ ಅಲ್ಲ. ದೀಪಾವಳಿಯ ನಂತರ ಮೂರು ಮನೆಯವರು ಅದೇ ಮಾತು ಬರೆದಿದ್ದರು. ಒಬ್ಬರು ನಯವಾಗಿ, ಇಬ್ಬರು ನೇರವಾಗಿ. ಮೊದಲನೆಯದು ಓದಿದ ದಿನ ನಾನು ಊಟ ಮಾಡಲಿಲ್ಲ. ನಿಮ್ಮ ಮಗನಿಗೂ ತೋರಿಸಲಿಲ್ಲ. ನಿಮಗೆ ತೋರಿಸಿದ್ದರೆ ನೀವು ಆ ದಿನವೇ ಪೆನ್ನು ಕೆಳಗಿಡುತ್ತಿದ್ದಿರಿ. ನಿಮ್ಮನ್ನು ನಾನು ಬಲ್ಲೆ. ಮಾವನವರು ತೀರಿಕೊಂಡ ವರ್ಷ ನೀವು ಯಾರ ಜೊತೆಯೂ ಮಾತನಾಡದೆ ಕಿಟಕಿಯ ಹತ್ತಿರ ಕೂತಿರುತ್ತಿದ್ದಿರಿ. ಒಡಪು ಬರೆಯಲು ಕೂತ ಮೇಲೆ ಮತ್ತೆ ನಮ್ಮನ್ನೆಲ್ಲ ಬೈಯಲು ಶುರು ಮಾಡಿದಿರಿ. ಮನೆಯಲ್ಲಿ ಎಲ್ಲರಿಗೂ ಜೀವ ಬಂದಂತಾಯಿತು. ಅದು ನಿಲ್ಲಬಾರದು ಎಂಬುದೊಂದೇ ನನ್ನ ತಲೆಯಲ್ಲಿತ್ತು. ಒಂದು ಮನೆಗೆ ನೇರ, ಇನ್ನೊಂದಕ್ಕೆ ನಿಮ್ಮ ಮೂಲಕ ಎಂದು ಮಾಡಿದರೆ ನಿಮಗೆ ಗೊತ್ತಾಗುತ್ತದೆಂದು ಎಲ್ಲವನ್ನೂ ನೇರ ಮಾಡಿಬಿಟ್ಟೆ.

ಆ ಆರ್ಡರುಗಳನ್ನು ನಾನು ಒಪ್ಪಬಾರದಿತ್ತು. ಹಾಗೆ ಕೇಳುವವರಿಗೆ ಪುಸ್ತಕ ಇಲ್ಲ ಎಂದು ಆ ಮನೆಯವರಿಗೆ ತಿರುಗಿ ಬರೆಯಬೇಕಿತ್ತು. ಅಷ್ಟು ಧೈರ್ಯ ಇರಲಿಲ್ಲ. ಒಪ್ಪಿದ್ದು ಅವರ ಮಾತನ್ನಲ್ಲ, ಇದನ್ನು ಮಾತ್ರ ನಂಬಿ.

ಹಂಸಾ ಮೊನ್ನೆ ನಮ್ಮ ಮನೆಗೆ ಬಂದು ನಿಮ್ಮ ವಿಳಾಸ ಬರೆದುಕೊಂಡು ಹೋದಳು. ಅವಳ ತಾಯಿ ಹಾಗೆ ಹೇಳಿದ್ದು ಅವಳಿಗೆ ಗೊತ್ತಿರಲಿಲ್ಲ.

ಲತಾ


ಸಿಡ್ಕೊ, ಔರಂಗಾಬಾದ
ಏಪ್ರಿಲ್ 7, 2014

ಕಾಶಿಬಾಯಿ ಮಾವಶಿಗೆ,

ನನಗ ಕನ್ನಡ ಬರೀಲಿಕ್ಕ ಚೆಂದ ಬರೂದಿಲ್ಲ. ತಪ್ಪು ಇದ್ರ ಸಾಂಭಾಳಿಸಿಕೊಳ್ರಿ.

ನನ್ನ ಆಯಿ ನಿಮಗ ಅಂದಿದ್ದು ಲತಾಭಾಭಿ ಹೇಳಿದರು. ನನಗ ಭಾಳ ಶರಮ್ ಆಯ್ತು. ಆಯಿ ಜೊತಿ ಜಗಳ ಮಾಡೀನಿ.

ಶಶಾಂಕ ರೋಜ್ ಶಿಫ್ಟ್ ಮುಗಿಸಿ ಬರ್ತಾರ. ಅವರಿಗಿ ಏನೂ ಸಂಶಯ ಇಲ್ಲ. ಅತ್ತಿನೂ ಈಗ ಬಾ ಅಂತಾರ, ಆದ್ರ ಹಿಂದಿನ ಬಾಗಿಲಿಲೆ ಸುಮ್ಮ ಬಾ, ಮಂದಿ ಮರೀಲಿ ಅಂತಾರ. ನಾ ಒಲ್ಲೆ ಅಂದೆ. ನಾ ಏನ್ ಚೋರಿ ಮಾಡೀನಿ? ನೀವು ಸುಧಾಕರ ಅವ್ರನ್ನ ಕರ್ಕೊಂಡು ಬರಬೇಕು ಅಂತಿದ್ರಂತ, ಲತಾಭಾಭಿ ಹೇಳಿದರು. ಬ್ಯಾಡ್ರಿ. ನಾ ಯಾರನ್ನೂ ತೋರಿಸೂದಿಲ್ಲ. ಮುಂದಿನ ಬಾಗಿಲಿಗೇ ಹೋಗತೀನಿ, ಎಲ್ಲರ ಮುಂದ ಹೆಸರು ಹೇಳತೀನಿ. ಬುಕ್ ಇಲ್ಲದ.

ಬುಕ್ ಇಲ್ಲದ ನನಗ ಅಂಜಿಕಿ ಬರತದ. ನೀವು ನನ್ನ ಬಾಜೂಕ ನಿಂತು ಕಿವ್ಯಾಗ ಹೇಳತೀರೇನ್ರಿ?

ಹಂಸಾ


ನಾಸಿಕ
ಏಪ್ರಿಲ್ 12, 2014

ಹಂಸಾಗೆ,

ನಿನ್ನ ಕಾಗದದಲ್ಲಿ ಏಳು ತಪ್ಪುಗಳಿವೆ. ತಿದ್ದಿ ಇದರ ಜೊತೆ ಇಟ್ಟಿದ್ದೇನೆ. "ಚೋರಿ" ಅಲ್ಲ, "ಕಳವು". ಉಳಿದದ್ದೆಲ್ಲ ಸರಿಯಾಗಿದೆ, ಯಾವ ತಿದ್ದುಪಡಿಯೂ ಬೇಡ.

ನಾನು ಬಂದು ಮಗ್ಗುಲಲ್ಲಿ ನಿಂತರೆ ನಿನ್ನ ತಾಯಿಗೂ ಅತ್ತೆಗೂ ಸರಿ ಬರುವುದಿಲ್ಲ. ಅದನ್ನು ತಿಳಿದೇ ಕೇಳಿದ್ದೀಯಾ ಎಂದು ನನಗೆ ಗೊತ್ತಾಗಬೇಕು. ತಿಳಿದು ಕೇಳಿದ್ದರೆ ಬರುತ್ತೇನೆ. ಆ ಮನೆಗೆ ಹೋಗಲೇಬಾರದು ಎಂದು ನಿನಗೆ ಅನ್ನಿಸಿದರೆ ಅದನ್ನೂ ಬರೆ, ಆಗಲೂ ಬರುತ್ತೇನೆ, ನಿನ್ನ ತಾಯಿಯ ಹತ್ತಿರ ಮಾತನಾಡಲು.

ಕಾಶಿಬಾಯಿ


ನಾಸಿಕ
ಮೇ 6, 2014

ಲತಾ,

ತಿಳಿದೇ ಕೇಳಿದ್ದೇನೆ ಎಂದು ಹಂಸಾ ಬರೆದ ಮೇಲೆ ನಾನು ಬಂದೆನಲ್ಲ, ಆ ದಿನ ನೀನು ರುಕ್ಮಿಣಿಬಾಯಿಯ ಅಂಗಳದಲ್ಲಿ ಹಿಂದೆ ನಿಂತಿದ್ದೆ, ಜನರ ತಲೆಗಳ ನಡುವೆ ಏನೂ ಕಾಣಲಿಲ್ಲ ಎಂದೆ. ರಾತ್ರಿ ನಿಮ್ಮ ಮನೆಯಲ್ಲಿ ಊಟಕ್ಕೆ ಕೂತಾಗ ಹೇಳುವ ಮನಸ್ಸಾಗಲಿಲ್ಲ. ಬರೆಯುತ್ತೇನೆ.

ಹಂಸಾ ನನ್ನ ಕೈ ಹಿಡಿದುಕೊಂಡೇ ಮೆಟ್ಟಿಲು ಹತ್ತಿದಳು. ಬಿಡು ಎಂದೆ, ಬಿಡಲಿಲ್ಲ. ರುಕ್ಮಿಣಿಬಾಯಿ ಬಾಗಿಲಲ್ಲಿದ್ದರು, ಸೇರು ಇಟ್ಟಿರಲಿಲ್ಲ. ಶಶಾಂಕ ಒಳಗಿನಿಂದ ತಂದು ತಾನೇ ಇಟ್ಟ.

ರುಕ್ಮಿಣಿಬಾಯಿ ನನಗೆ ಮೆಲ್ಲಗೆ, "ನೀವು ಸ್ವಲ್ಪ ಈ ಕಡೆ ಸರೀರಿ" ಎಂದರು.

"ಎಲ್ಲಿ ನಿಂತ್ರ ಹುಡುಗಿಗಿ ಕೇಳಸ್ತದೋ ಅಲ್ಲಿ ನಿಂತೀನ್ರಿ" ಎಂದೆ.

ಪ್ರೇಮಾಬಾಯಿ ಹಿಂದಿನಿಂದ, "ಹಂಸಾ, ಅವರ ಕೈ ಬಿಡು" ಎಂದರು. ಆಗ ರಿಕ್ಷಾದಲ್ಲಿ ನೆನಪಾಗಿದ್ದ ಮಾತನ್ನು ತಿರುಗಿ ನಿಂತು ಹೇಳಿದೆ. "ಪ್ರೇಮಾಬಾಯಿ, ನನ್ನ ಕೈ ಬ್ಯಾಡ ಅಂದ್ರಿ, ಕನ್ನಡ ಬರಲಾರದವರ ಕೈಯಿಂದ ತರಿಸಿಕೊಂಡ್ರಿ. ನಿಮ್ಮ ಮಗಳು ಅದಕ್ಕ ಎರಡು ತಿಂಗಳು ಮನ್ಯಾಗ ಕೂತಳು. ಈಗರ ಸುಮ್ಮ ಇರ್ರಿ."

ಹಂಸಾ ಮೊದಲ ಸಾಲು ಗಟ್ಟಿಯಾಗಿ ಹೇಳಿದಳು. ಎರಡನೆಯದಕ್ಕೆ ಬಂದಾಗ ನನ್ನ ಕಡೆ ತಿರುಗಿದಳು. ನಾನು ಕಿವಿಯ ಹತ್ತಿರ ಬಗ್ಗಿ "ಕಳಂಕ ಇಲ್ಲದ" ಎಂದೆ. ಅವಳು ಅಷ್ಟನ್ನು ಎರಡು ಸಲ ಹೇಳಿದಳು, ಎರಡನೆಯ ಸಲ ಅತ್ತೆಯ ಮುಖ ನೋಡಿಕೊಂಡು. ಆಮೇಲೆ ಗಂಡನ ಹೆಸರು. ರುಕ್ಮಿಣಿಬಾಯಿ ಪಕ್ಕಕ್ಕೆ ಸರಿದರು. ಅಕ್ಕಿ ಒಳಗೆ ಚೆಲ್ಲಿತು.

ಎಲ್ಲ ಹೆಂಗಸರಿಗೂ ಕುಂಕುಮ ಹಚ್ಚಿದರು. ತಟ್ಟೆ ನನ್ನ ಮುಂದೆ ಬಂದು, ಮುಂದಕ್ಕೆ ಹೋಯಿತು. ನನಗೆ ಅದು ಬೇಕಾಗಿಯೂ ಇರಲಿಲ್ಲ. ನಾನು ಹೋದ ಕೆಲಸ ಬೇರೆ, ಅದು ಆಗಿತ್ತು.

ಈಗ ವ್ಯವಹಾರದ ಮಾತು. ನೀನು ಮುಚ್ಚಿಟ್ಟದ್ದು ನನ್ನ ಒಳಿತಿಗೆ ಎಂದು ತಿಳಿದಿದೆ. ಮತ್ತೊಮ್ಮೆ ಹಾಗೆ ಒಳಿತು ಮಾಡಬೇಡ. ಇನ್ನು ಮುಂದೆ ಯಾವ ಪುಸ್ತಕವೂ ಪುಣೆಯಿಂದ ನೇರ ಹೋಗಕೂಡದು. ಮೊದಲು ನಾಸಿಕಕ್ಕೆ ಬರಬೇಕು. ತಡವಾಗುವುದಾದರೆ ಮದುವೆ ಗೊತ್ತಾದ ದಿನವೇ ಹೆಸರು ಕಳಿಸಲಿ. ಮತ್ತು ಪ್ರತಿಯೊಂದು ಪ್ರತಿಯ ಮೊದಲ ಹಾಳೆಯಲ್ಲಿ, ಒಡಪು ಶುರುವಾಗುವ ಮುನ್ನ, ಹೀಗೆ ಛಾಪಿಸಬೇಕು:

"ಈ ಪುಸ್ತಕದ ಒಡಪುಗಳನ್ನು ಕಟ್ಟಿದವಳು ಕಾಶಿಬಾಯಿ. ಅವಳ ಗಂಡ ತೀರಿಕೊಂಡಿದ್ದಾರೆ. ಈ ಪ್ರತಿಯನ್ನು ನಿಮ್ಮ ಮನೆಗೆ ಕಳಿಸುವ ಮುನ್ನ ಅವಳೇ ತನ್ನ ಕೈಯಲ್ಲಿ ಹಿಡಿದು ಪುಟ ಪುಟ ಓದಿ ನೋಡಿದ್ದಾಳೆ."

ಇದನ್ನು ನೋಡಿದರೆ ಗಿರಾಕಿಗಳು ಕಡಿಮೆಯಾಗುತ್ತಾರೆ ಎಂದು ನೀನು ಬರೆಯುತ್ತೀ. ಆಗಲಿ. ಬೇಡವಾದವರು ಕೊಳ್ಳಬೇಡಿ ಎಂದು ಕೆಳಗೆ ಸೇರಿಸಲು ಹೋಗಬೇಡ, ಅವರಿಗೆ ಅಷ್ಟು ತಿಳಿಯುತ್ತದೆ. ಮೂರನೆಯ ಸಾಲು ದಪ್ಪ ಅಕ್ಷರದಲ್ಲಿರಲಿ.

ಕಾಶಿಬಾಯಿ